ಟೇಪು ಕಂಡರೆ ಮೇಜಿನ ಕೆಳಗೆ

ಟೈಲರಕ್ಕ ಕೊರಳಿನಿಂದ ಟೇಪು ತೆಗೆದಳೆಂದರೆ ಸಾಕು, ಕತ್ತರಿಸುವ ಮೇಜಿನ ಕೆಳಗಿನಿಂದ ಗುರ್ ಅನ್ನುವ ಸದ್ದು ಶುರುವಾಗುತ್ತಿತ್ತು. ಅಳತೆ ಕೊಡಲು ಬಂದ ಗಿರಾಕಿ ತಕ್ಷಣ ಒಂದು ಹೆಜ್ಜೆ ಹಿಂದೆ.

"ಏನೂ ಮಾಡಲ್ಲ ಸಾರ್, ನೇರ ನಿಂತ್ಕೊಳ್ಳಿ."

"ನೇರ ಹೇಗಮ್ಮ ನಿಲ್ಲೋದು? ನೀವು ಮೇಲೆ ಸೊಂಟ ಅಳೀತಾ ಇದ್ದೀರಿ, ಅವನು ಕೆಳಗಡೆ ನನ್ನ ಮೀನಖಂಡ ಅಳೀತಾ ಇದ್ದಾನೆ."

ಹೀಗಾದರೆ ಅಳತೆ ಸರಿಯಾಗಿ ಬರುವುದಾದರೂ ಹೇಗೆ? ಉಸಿರು ಬಿಗಿಹಿಡಿದು ನಿಂತವರ ಹೊಟ್ಟೆ ಒಳಗೆ ಹೋಗಿರುತ್ತದೆ. ಪ್ಯಾಂಟು ಹೊಲಿದು ಕೊಟ್ಟ ಮೇಲೆ ಗುಂಡಿ ಸೇರುವುದಿಲ್ಲ. ಆಗ ಅದೇ ಗಿರಾಕಿ ಜಗಳಕ್ಕೆ ಬರುತ್ತಾರೆ. ಟೈಲರಕ್ಕನಿಗೆ ಸಾಕುಸಾಕಾಗಿ ಹೋಗಿತ್ತು.

ಮೇಜಿನ ಕೆಳಗಿದ್ದ ಆ ನಾಯಿ ಮಹಾಶಯನ ಹೆಸರು ಪೈಲ್ವಾನ. ಮೈಕಟ್ಟು ನೋಡಿ ಇಟ್ಟ ಹೆಸರು ಅದು. ಅಗಲ ಎದೆ, ದಪ್ಪ ಕತ್ತು, ಕಂದು ಬಣ್ಣ. ಒಳಗಿನ ಧೈರ್ಯ ಮಾತ್ರ ಇಲಿಮರಿಯದು. ಯಾರಾದರೂ ಕೊಡೆ ಬಿಚ್ಚಿದರೆ ಓಡುತ್ತಾನೆ. ಕುರ್ಚಿ ಎಳೆದರೆ ಓಡುತ್ತಾನೆ. ಓಡಲು ಜಾಗವಿಲ್ಲದಿದ್ದರೆ ಹಲ್ಲು ತೋರಿಸುತ್ತಾನೆ. ಮನೆಯ ಮುಂದಿನ ಕೋಣೆಯೇ ಟೈಲರಕ್ಕನ ಅಂಗಡಿ. ಅವನು ಓಡಿ ಹೋಗಿ ಸೇರುವ ಜಾಗವೆಂದರೆ ಅಲ್ಲಿನ ಕತ್ತರಿಸುವ ಮೇಜಿನ ಕೆಳಗಿನ ಮೂಲೆ. ಅಲ್ಲಿ ಬಟ್ಟೆ ಚೂರುಗಳ, ದಾರದ ತುಂಡುಗಳ ರಾಶಿಯ ಮೇಲೆ ಒಂದು ಹಳೆಯ ರಬ್ಬರ್ ಚಾಪೆ ಹಾಸಿತ್ತು. ಅದೇ ಅವನ ಅರಮನೆ.

ಟೇಪಿನ ಭಯ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಕಲಿಸಿದ್ದು ಮನೆಯವರೇ.

ಹೋದ ವರ್ಷ ರೇಬೀಸ್ ಲಸಿಕೆಗೆ ಅವನನ್ನು ಪ್ರಾಣಿಗಳ ಆಸ್ಪತ್ರೆಗೆ ಒಯ್ಯಬೇಕಾಗಿ ಬಂತು. ಟೈಲರಕ್ಕನ ಗಂಡ ಫರ್ನಿಚರ್ ಅಂಗಡಿಯ ವ್ಯಾನ್ ಓಡಿಸುತ್ತಾನೆ. ಮೂರನೇ ಮಹಡಿಗೆ ಸೋಫಾ ಏರಿಸುವ ಆಳು ಅವನು. "ನಾಯಿ ಏನು ದೊಡ್ಡ ವಿಷಯ," ಎಂದು ಪೈಲ್ವಾನನ ಮೇಲೆ ಹೊದಿಕೆ ಎಸೆದು, ಸೋಫಾಕ್ಕೆ ಸುತ್ತುವಂತೆ ಸುತ್ತಿ, ಹಗ್ಗ ಬಿಗಿದು, ವ್ಯಾನಿನ ಹಿಂದಕ್ಕೆ ತಳ್ಳಿದ. ಆಸ್ಪತ್ರೆಯಲ್ಲಿ ಕಾಲು ಜಾರುವ ಸ್ಟೀಲ್ ಮೇಜಿನ ಮೇಲೆ ನಿಲ್ಲಿಸಿ ನಾಲ್ಕು ಜನ ಅದುಮಿ ಹಿಡಿದರು. ಪೈಲ್ವಾನ ತಿರುಗಿ ಡಾಕ್ಟರ ಕೈಗೆ ಬಾಯಿ ಹಾಕಿದ. ಕೂದಲೆಳೆಯಲ್ಲಿ ತಪ್ಪಿತು. ಲಸಿಕೆ ಆಗಲೇ ಇಲ್ಲ. "ಮುಂದಿನ ಸಲ ಬಾಯಿಗೆ ಕಟ್ಟಿಕೊಂಡು ಬನ್ನಿ," ಎಂದರು.

ಬಾಯಿಗೆ ಕಟ್ಟುವುದೆಂದರೆ ಹೊಲಿಗೆ ಕೆಲಸ. ಅಂದರೆ ಟೈಲರಕ್ಕನ ಕೆಲಸ. ಆಕೆ ಹೊಲಿದದ್ದು ಎಲ್ಲೂ ಒಂದು ನೂಲಿನಷ್ಟು ಸಡಿಲ ಇರುವುದಿಲ್ಲ ಎಂದು ಬೀದಿಯಲ್ಲಿ ಹೆಸರು. ಗಂಡ ಪೈಲ್ವಾನನ ಬೆನ್ನ ಮೇಲೆ ಕಾಲು ಹಾಕಿ ಕೂತ, ಆಕೆ ಮೂತಿಯ ಸುತ್ತ ಟೇಪು ಬಿಗಿದು ಅಳತೆ ತೆಗೆದಳು. ದಪ್ಪ ಕ್ಯಾನ್ವಾಸಿನಲ್ಲಿ ಎರಡು ಪದರ ಹೊಲಿದಳು. ಕೂತರೆ ಹೀಗೆ ಕೂರಬೇಕು, ಅಂಥ ಫಿಟ್ಟಿಂಗ್. ಎಷ್ಟು ಚೆನ್ನಾಗಿ ಕೂತಿತೆಂದರೆ ಆಸ್ಪತ್ರೆಯ ಬಾಗಿಲು ತಲುಪುವ ಹೊತ್ತಿಗೆ ಪೈಲ್ವಾನನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಅವನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ನಾಯಿ ಬಾಯಿ ತೆರೆದು ನಾಲಿಗೆ ಚಾಚಿ ತೇಕಿದರೇ ಮೈ ತಂಪಾಗುವುದು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಟೈಲರಕ್ಕ ತಾನೇ ಹೊಲಿದದ್ದನ್ನು ತಾನೇ ಕತ್ತರಿಯಿಂದ ಕತ್ತರಿಸಿ ಎಸೆದಳು. ಎಲ್ಲರೂ ಹಾಗೇ ಮನೆಗೆ ವಾಪಸು. ಅಂದಿನಿಂದ ಟೇಪು ಕಂಡರೆ ಪೈಲ್ವಾನ ಮೇಜಿನ ಕೆಳಗೆ. ಹೊಲಿಗೆ ಅಂಗಡಿಯಲ್ಲಿ ಟೇಪು ಕಾಣದಿರುವ ಹೊತ್ತು ಯಾವುದಿದೆ?

ಇಷ್ಟಾದರೆ ಹೇಗೋ ನಡೆಯುತ್ತಿತ್ತು. ಈಗ ಕಿವಿ ಶುರುವಾಯಿತು.

ಮೊದಲು ತಲೆ ಕೊಡವುತ್ತಿದ್ದ. ಆಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡೇ ನಡೆಯತೊಡಗಿದ. ಎಡಗಿವಿಯಿಂದ ಕೆಟ್ಟ ವಾಸನೆ. ಇಡೀ ಮನೆಯಲ್ಲಿ ಅವನನ್ನು ಮುದ್ದು ಮಾಡುವವರೆಂದರೆ ಟೈಲರಕ್ಕನ ಅತ್ತೆ. ಅವರು ಎಂದಿನಂತೆ, "ಏನೋ ನನ್ನಪ್ಪ," ಎಂದು ಕಿವಿಯ ಹಿಂದೆ ಕೆರೆಯಲು ಹೋದರು. ಪೈಲ್ವಾನ ಕಿರುಚಿ ತಿರುಗಿದ. ಅತ್ತೆಯ ಸ್ವೆಟರಿನ ತೋಳು ಅವನ ಹಲ್ಲಿಗೆ ಸಿಕ್ಕಿ ಹರಿಯಿತು. ಚರ್ಮಕ್ಕೆ ಏನೂ ತಾಗಿರಲಿಲ್ಲ. ದೀಪದ ಕೆಳಗೆ ಮೂವರೂ ಕೈ ತಿರುಗಿಸಿ ತಿರುಗಿಸಿ ನೋಡಿದರು. ಆದರೆ ಎಲ್ಲರ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಲಸಿಕೆ ಆಗಿಲ್ಲದ ನಾಯಿ ಇದು.

"ಇನ್ನು ಸಾಕು," ಎಂದ ಗಂಡ. "ನಮ್ಮ ಗೋಡೌನಿನ ಕಾವಲುಗಾರ ಒಂದು ನಾಯಿ ಕೇಳ್ತಾ ಇದ್ದಾನೆ. ಭಾನುವಾರ ಬಂದು ತಗೊಂಡು ಹೋಗಲಿ. ಗೇಟಿಗೆ ಸರಪಳಿ ಹಾಕಿ ಕಟ್ಟಿರ್ತಾನೆ, ಯಾರಿಗೂ ತೊಂದರೆ ಇಲ್ಲ."

"ಕೊಳೆತ ಕಿವಿ ಇಟ್ಕೊಂಡು ಸರಪಳೀಲಿ ಇರಬೇಕಾ ಅದು?" ಎಂದಳು ಟೈಲರಕ್ಕ.

"ಹಾಗಾದ್ರೆ ನೀನೇ ಕರ್ಕೊಂಡು ಹೋಗು ಆಸ್ಪತ್ರೆಗೆ. ಈ ಸಲ ನಾನು ಬರಲ್ಲ."

ಆಕೆ ಅತ್ತೆಯ ಹರಿದ ಸ್ವೆಟರ್ ತಂದು ಕೂತು ಹೊಲಿದಳು. ಮರಿಯಾಗಿದ್ದಾಗ ಅವಳ ಮಡಿಲಲ್ಲೇ ಮಲಗಿ, ಹೊಲಿಗೆ ಯಂತ್ರದ ಸದ್ದಿಗೆ ನಿದ್ದೆ ಹೋಗುತ್ತಿದ್ದ ಪ್ರಾಣಿ ಅದು. ಗಂಡನ ಮೇಲೆ ಸಿಟ್ಟು ಬಂತು, ನಾಯಿಯ ಮೇಲೆ ಸಿಟ್ಟು ಬಂತು, ಸೂಜಿಗೆ ಪೋಣಿಸಲು ಒಪ್ಪದ ದಾರದ ಮೇಲೂ ಸಿಟ್ಟು ಬಂತು.

ಮರುದಿನ ನಾದಿನಿ ಬಂದಳು. ಗಂಡನ ಈ ತಂಗಿ ಅದೇ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಬಂದವರನ್ನು ಸರದಿಯಲ್ಲಿ ಕೂರಿಸುವುದು, ಡಾಕ್ಟರು ಸೂಜಿ ಹಾಕುವಾಗ ಪ್ರಾಣಿಯನ್ನು ಹಿಡಿದುಕೊಳ್ಳುವುದು ಅವಳ ಕೆಲಸ. ಹೋದ ವರ್ಷದ ಆ ಎರಡು ದಿನ ಅವಳು ರಜೆಯಲ್ಲಿದ್ದಳು. ಒಳ್ಳೆಯವಳೇ, ಆದರೆ ಬಾಯಿ ಸುಮ್ಮನಿರುವುದಿಲ್ಲ. ಬಂದವಳು ನೇರ ಅಡುಗೆಮನೆಗೆ ಹೋಗಿ, ಒಂದು ತಟ್ಟೆ ತುಂಬ ಅನ್ನ ಹಾಕಿಕೊಂಡು, ಅಂಗಡಿಯ ಸ್ಟೂಲಿನ ಮೇಲೆ ಕೂತು ಉಣ್ಣುತ್ತ ಉಪದೇಶ ಶುರುಮಾಡಿದಳು.

"ಅತ್ತಿಗೆ, ಅವನು ಕೆಟ್ಟ ನಾಯಿ ಅಲ್ಲ. ಹೆದರಿದ್ದಾನೆ. ಮೇಲಿಂದ ಕಿವಿ ನೋವು."

"ಹೆದರಿದ್ದಾನೆ ಅಂತ ನನಗೂ ಗೊತ್ತು ತಾಯಿ. ಅವನಿಗೆ ಹೆದರಿ ಈಗ ಗಿರಾಕಿಗಳೂ ಬರ್ತಾ ಇಲ್ಲ. ಅದಕ್ಕೇನು ಹೇಳ್ತೀಯ?"

ಅಷ್ಟರಲ್ಲಿ ಅತ್ತೆ ಒಳಗಿನಿಂದ ಒಂದು ಮಾತ್ರೆಯ ಪಟ್ಟಿ ಹಿಡಿದು ಬಂದರು. "ನನ್ನ ನಿದ್ದೆ ಮಾತ್ರೆ ಇದೆ ಕಣೇ. ಅರ್ಧ ಹಾಕಿ ಮಲಗಿಸೋಣ. ಕಿವಿಗೆ ಬಿಸಿ ಎಣ್ಣೆ ಬಿಡೋಣ. ಆಸ್ಪತ್ರೆಯೇ ಬೇಡ."

ನಾದಿನಿ ತಟ್ಟೆ ಕೆಳಗಿಟ್ಟಳು. "ಅಮ್ಮ, ಅದನ್ನ ಮೊದಲು ಒಳಗಿಡು. ನಿನ್ನ ಮಾತ್ರೆ ನಿನಗೆ ಅಂತ ಕೊಟ್ಟಿದ್ದು. ನಾಯಿಗೆ ಹಾಕಿದ್ರೆ ಜೀವಕ್ಕೇ ಕುತ್ತು ಬರಬಹುದು. ಕಿವಿಯೊಳಗೆ ಏನಿದೆ ಅಂತ ನೋಡದೆ ಎಣ್ಣೆ ಬಿಟ್ರೆ ಇದ್ದ ನೋವು ಇನ್ನೂ ಜಾಸ್ತಿ."

"ಎಲ್ಲದಕ್ಕೂ ಬೇಡ ಬೇಡ," ಎಂದು ಗೊಣಗುತ್ತ ಅತ್ತೆ ಒಳಗೆ ಹೋದರು.

ಆಗಲೇ ಬಾಗಿಲಲ್ಲಿ ಒಬ್ಬ ಹುಡುಗ ಕೋಟಿನ ಬಟ್ಟೆ ಹಿಡಿದು ನಿಂತ. ನಾಳೆ ಸಂಜೆಗೇ ಕೋಟು ಬೇಕಂತೆ. ಟೈಲರಕ್ಕನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ಕೋಟು ಒಂದೇ ಸಲಕ್ಕೆ ಹೊಲಿದು ಕೊಡೋಕೆ ಆಗಲ್ಲಪ್ಪ. ಮೊದಲು ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡಬೇಕು. ಭುಜ ಎಲ್ಲಿ ಎಳೆಯುತ್ತೆ, ಕಂಕುಳು ಎಲ್ಲಿ ಹಿಡಿಯುತ್ತೆ ಅಂತ ನಿನ್ನ ಮೈ ಹೇಳಬೇಕು. ಹಿಡಿದಲ್ಲಿ ಬಿಚ್ಚಿ, ಸಡಿಲ ಮಾಡಿ, ಮತ್ತೆ ಟ್ರಯಲ್. ಆತುರಕ್ಕೆ ಎಳೆದು ಹೊಲಿದ್ರೆ ಕೈ ಎತ್ತಿದ ದಿನ ಹರಿಯುತ್ತೆ. ಆಮೇಲೆ ನನ್ನ ಬೈತೀಯ."

ಹುಡುಗ ಆಯಿತೆಂದು ಬಟ್ಟೆ ಕೊಟ್ಟು ಹೋದ. ಸ್ಟೂಲಿನ ಮೇಲೆ ನಾದಿನಿ ನಗುತ್ತ ಕೂತಿದ್ದಳು.

"ಯಾಕೆ ಹಲ್ಲು ಬಿಡ್ತಾ ಇದ್ದೀಯ?"

"ಅತ್ತಿಗೆ, ಈಗ ಆ ಹುಡುಗನಿಗೆ ಹೇಳಿದ್ರಲ್ಲ, ಅದನ್ನ ಇನ್ನೊಂದು ಸಲ ಹೇಳಿ. ಪೈಲ್ವಾನನ ಕಡೆ ನೋಡ್ಕೊಂಡು ಹೇಳಿ."

ಟೈಲರಕ್ಕ ಮೇಜಿನ ಕೆಳಗೆ ಬಗ್ಗಿ ನೋಡಿದಳು.

"ಕೋಟಿಗೆ ಟ್ರಯಲ್ ಬೇಕು, ಪೈಲ್ವಾನನಿಗೆ ಬೇಡ್ವಾ? ಒಂದು ದಿನವಾದ್ರೂ ಅವನನ್ನ ಸುಮ್ನೆ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೀರಾ?"

"ಸುಮ್ನೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೇ?"

"ಅದೇ ಮತ್ತೆ. ಅವನು ಕಂಡಿರೋದು ಬರೀ ಹೊದಿಕೆ, ಹಗ್ಗ, ಸ್ಟೀಲ್ ಮೇಜು, ನಾಲ್ಕು ಜನರ ಕೈ. ತಪ್ಪು ನಮ್ಮದೂ ಇದೆ ಅತ್ತಿಗೆ. ಆ ದಿನ ನಮ್ಮವರು ಹಿಡಿದು ಬೇಗ ಮುಗಿಸೋಣ ಅಂತ ನೋಡಿದ್ರು. ಹಾಗೆ ಮಾಡಬಾರದಿತ್ತು ಅಂತ ಡಾಕ್ಟರಮ್ಮನೇ ಆಮೇಲೆ ಹೇಳಿದ್ರಂತೆ. ಸರಿ, ಟ್ರಯಲ್ ಎಲ್ಲ ಲಸಿಕೆಗೆ ಇರಲಿ. ಕಿವಿ ಕಾಯೋ ಹಾಗಿಲ್ಲ. ನೀವು ನಾಳೆ ಬನ್ನಿ. ನಾಯಿ ಬಿಟ್ಟು ಬನ್ನಿ."

"ನಾಯಿ ಆಸ್ಪತ್ರೆಗೆ ನಾಯಿ ಬಿಟ್ಟು ಬಂದು ನಾನೇನು ಸೂಜಿ ಚುಚ್ಚಿಸಿಕೊಳ್ಳಲಾ?"

ಚುಚ್ಚಿಸಿಕೊಳ್ಳುವುದೇನೂ ಇರಲಿಲ್ಲ. ಮರುದಿನ ಟೈಲರಕ್ಕ, ಪೈಲ್ವಾನ ತಲೆ ವಾಲಿಸಿ ನಡೆಯುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ತೋರಿಸಿದಳು. ಡಾಕ್ಟರಮ್ಮ ಸಮಾಧಾನವಾಗಿ ನೋಡಿದರು. ಅವನು ಏನು ತಿನ್ನುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಹಿಂದೆ ಏನಾದರೂ ಕಾಯಿಲೆ ಇತ್ತೇ ಎಂದು ಕೇಳಿದರು. ನೋವಿಗೆ ಒಂದು ಔಷಧಿ ಕೊಟ್ಟರು. ಜೊತೆಗೆ ಭಯ ತಗ್ಗಿಸಲು ಇನ್ನೊಂದು ಮಾತ್ರೆ ಕೊಟ್ಟು, ಬರುವ ಹಿಂದಿನ ಸಂಜೆ ಎಷ್ಟು, ಹೊರಡುವ ಮೊದಲು ಎಷ್ಟು ಎಂದು ಬಿಡಿಸಿ ಹೇಳಿದರು. ಶನಿವಾರ ಮಧ್ಯಾಹ್ನ, ಬೇರೆ ಯಾರೂ ಇಲ್ಲದ ಹೊತ್ತಿಗೆ ಬನ್ನಿ ಎಂದರು. ನಾದಿನಿ ಒಂದು ಬುಟ್ಟಿಯಂಥ ವಸ್ತು ತಂದು ಕೈಗಿಟ್ಟಳು. ಪ್ಲಾಸ್ಟಿಕ್ ಪಟ್ಟಿಗಳ ನಡುವೆ ಗಾಳಿ ಆಡುವಂಥದ್ದು, ಹಿಂದೆ ಬೆಲ್ಟು.

ಮನೆಯಲ್ಲಿ ಅತ್ತೆ ಅದನ್ನು ನೋಡಿದ ಕೂಡಲೇ, "ಇದು ಎತ್ತಿಗೆ ಹಾಕೋ ಬಾಯಿಕುಕ್ಕೆ ಅಲ್ವೇನೇ," ಎಂದರು.

"ಅದೇ ಅತ್ತೆ. ಒಳಗೆ ಬಾಯಿ ತೆರೀಬಹುದಂತೆ, ನಾಲಿಗೆ ಚಾಚಬಹುದಂತೆ, ನೀರೂ ಕುಡೀಬಹುದಂತೆ." ಟೈಲರಕ್ಕ ಕುಕ್ಕೆಯನ್ನು ತಿರುಗಿಸಿ ನೋಡಿ ಮುಖ ಗಂಟಿಕ್ಕಿದಳು. "ಫಿಟ್ಟಿಂಗೇ ಇಲ್ಲ ಇದಕ್ಕೆ."

ಮಾಡಬೇಕಾದ್ದು ಇಷ್ಟೇ ಎಂದು ನಾದಿನಿ ಹೇಳಿಕೊಟ್ಟಿದ್ದಳು. ಕುಕ್ಕೆಯ ಒಳಗೆ ಅರೆದ ಕೋಳಿ ಲಿವರ್ ಸವರಿ ಹಿಡಿಯುವುದು. ಪೈಲ್ವಾನ ತಾನಾಗಿ ಮೂತಿ ಹಾಕಿ ನೆಕ್ಕಲಿ. ಬೆಲ್ಟು ಮುಟ್ಟುವುದು ಬೇಡ. ಅವನೇ ಓಡಿ ಬಂದು ಮೂತಿ ತೂರಿಸುವ ಹಾಗಾದ ಮೇಲೆ ಒಂದು ಗಳಿಗೆ ಬೆಲ್ಟು ಹಾಕಿ ಬಿಚ್ಚುವುದು.

ಅಂದು ಸಂಜೆ ಪೈಲ್ವಾನ ಮೇಜಿನ ಕೆಳಗಿನಿಂದಲೇ ಮೂಗು ಚಾಚಿದ. ಒಮ್ಮೆ ನೆಕ್ಕಿದ. ಇನ್ನೊಮ್ಮೆ ಮೂತಿ ಪೂರ್ತಿ ಒಳಗೆ ಹಾಕಿದ. ಟೈಲರಕ್ಕನ ಕೈ ಸುಮ್ಮನಿರಬೇಕಲ್ಲ. ಇಷ್ಟು ಚೆನ್ನಾಗಿ ಕೂತಿದೆಯಲ್ಲ ಎಂದು ಬೆಲ್ಟನ್ನು ಎಳೆದು ಬಿಗಿದೇಬಿಟ್ಟಳು. ಅವನು ತಲೆ ಒದರಿ, ಕುಕ್ಕೆಯನ್ನು ನೆಲಕ್ಕೆ ಉಜ್ಜಿ ಉಜ್ಜಿ ಕಿತ್ತೆಸೆದು, ಮೂಲೆ ಸೇರಿದ. ರಾತ್ರಿಯ ಊಟಕ್ಕೂ ಹೊರಗೆ ಬರಲಿಲ್ಲ.

ಫೋನಿನಲ್ಲಿ ನಾದಿನಿಯ ನಗು. "ಟ್ರಯಲ್ ದಿನವೇ ಗುಂಡಿ ಹೊಲಿದುಬಿಟ್ರಾ ಅತ್ತಿಗೆ?"

"ನಗು, ನಗು. ನೀನು ಬಂದು ಮೇಜಿನ ಕೆಳಗೆ ಮಲಗಿದ್ರೆ ಗೊತ್ತಾಗ್ತಿತ್ತು."

"ನಾನಲ್ಲ, ನೀವೇ ಮಲಗಿ. ಎಳೀಬೇಡಿ, ಕರೀಬೇಡಿ. ಅವನ ಪಕ್ಕ ನೆಲದ ಮೇಲೆ ಸುಮ್ನೆ ಕೂತ್ಕೊಳ್ಳಿ. ಬರ್ತಾನೆ."

ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಟೈಲರಕ್ಕ ನೆಲದ ಮೇಲೆ ಕೂತಳು. ಹೊಲಿಯಬೇಕಾದ ಸ್ಕೂಲ್ ಯೂನಿಫಾರಂಗಳ ರಾಶಿ ಬೆಟ್ಟದಷ್ಟಿತ್ತು. ಆಕೆ ಗೊಣಗುತ್ತ, ಅಲ್ಲೇ ಕೂತು ಗುಂಡಿ ತೂರಿಸುವ ಕಾಜಾ ಹೊಲಿಯುತ್ತ, ಮಡಿಲಲ್ಲಿ ಕುಕ್ಕೆ ಇಟ್ಟುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಮೊಣಕಾಲಿಗೆ ಒದ್ದೆ ಮೂಗು ತಾಗಿತು. ಆಕೆ ತಿರುಗಿ ನೋಡಲಿಲ್ಲ. ಕುಕ್ಕೆಯನ್ನು ಸ್ವಲ್ಪ ವಾಲಿಸಿದಳು, ಅಷ್ಟೆ. ಆ ದಿನ ಬೆಲ್ಟಿನ ಸುದ್ದಿಗೇ ಹೋಗಲಿಲ್ಲ. ಪೈಲ್ವಾನನ ಕತ್ತಿಗೆ ಉಜ್ಜದಿರಲೆಂದು ಬೆಲ್ಟಿನ ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿದಳು. ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟಳು. ಆಕೆಯ ಕೈಯಿಂದ ಸಡಿಲವಾಗಿ ಬಂದ ಮೊದಲ ಹೊಲಿಗೆ ಅದು. ನೋಡಲು ಆಕೆಗೇ ಹಿಂಸೆಯಾಗುತ್ತಿತ್ತು.

ಶುಕ್ರವಾರದ ಹೊತ್ತಿಗೆ ಬೆಲ್ಟು ಹಾಕಿಸಿಕೊಂಡು, ನಾಲ್ಕು ಸಲ ನೆಕ್ಕುವಷ್ಟು ಹೊತ್ತು ಇರಲು ಪೈಲ್ವಾನ ಒಪ್ಪಿದ್ದ. ಇನ್ನೂ ಪಕ್ಕಾ ಆಗಿರಲಿಲ್ಲ. ಆದರೆ ಸಮಯ ಇದ್ದದ್ದೇ ಅಷ್ಟು.

ಗಂಡ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಒಂದು ನಾಯಿಗೆ ಇಷ್ಟೆಲ್ಲ ಮರ್ಯಾದೆ," ಎಂದ.

ಟೈಲರಕ್ಕ ಸೂಜಿ ಕೆಳಗಿಟ್ಟಳು. "ರೀ, ಯಾರದೋ ಮನೆಯ ಗಾಜಿನ ಬೀರು ಒಯ್ಯುವಾಗ ಕಂಬಳಿ ಹಾಸ್ತೀರಿ. ಹಲಗೆ ಇಟ್ಟು ಇಷ್ಟಿಷ್ಟೇ ಜಾರಿಸ್ತೀರಿ. ಗೀರು ಬಿದ್ರೆ ಮಾಲೀಕರು ಬೈತಾರೆ ಅಂತ ಉಸಿರು ಹಿಡಿದು ಓಡಿಸ್ತೀರಿ. ಇವನಿಗೆ ಆ ದಿನ ಬಿದ್ದ ಗೀರು ಇನ್ನೂ ಹೋಗಿಲ್ಲ. ನಾಳೆ ನೀವು ಬರ್ತೀರಿ. ಆ ಹಲಗೆ ಕೂಡ ತರ್ತೀರಿ."

ಗಂಡ ತಲೆ ಕೆರೆದುಕೊಂಡ. ಹೋಗಿ ಹಲಗೆ ಹುಡುಕಿದ.

ಶನಿವಾರ ಡಾಕ್ಟರಮ್ಮ ಹೇಳಿದಂತೆ ಮಾತ್ರೆ ಹೊಟ್ಟೆಗೆ ಹೋಗಿತ್ತು. ಬೆಳಗ್ಗೆ ಊಟ ಬೇಡ, ನಾಲಿಗೆಗೆ ತಾಗುವಷ್ಟು ಲಿವರ್ ಸಾಕು ಎಂದಿದ್ದರು. ಪೈಲ್ವಾನ ನಿದ್ದೆ ಹೋಗಿರಲಿಲ್ಲ. ಆದರೆ ಎದುರುಮನೆಯವರು ಕೊಡೆ ಬಿಚ್ಚಿದಾಗ ಬರೀ ನೋಡಿ ಸುಮ್ಮನಾದ. ಮೇಜಿನ ಕೆಳಗಿನ ರಬ್ಬರ್ ಚಾಪೆಯನ್ನು ಎತ್ತಿ ವ್ಯಾನಿನೊಳಗೆ ಹಾಸಿದರು. ವ್ಯಾನಿಗೆ ಒರಗಿಸಿದ ಹಲಗೆಯ ಬುಡದಲ್ಲಿ ಅವನು ನಿಂತೇ ನಿಂತ. ಗಂಡನ ಕೈ ಕತ್ತಿನ ಪಟ್ಟಿಯ ಕಡೆ ಹೋಯಿತು. ಟೈಲರಕ್ಕ ಕಣ್ಣು ಬಿಟ್ಟಳು. ಕೈ ಹಿಂದೆ ಬಂತು. ಆಮೇಲೆ ಪೈಲ್ವಾನ ತನ್ನ ಚಾಪೆಯ ವಾಸನೆ ಹಿಡಿದು ತಾನಾಗಿ ಹತ್ತಿದ.

ಆಸ್ಪತ್ರೆಯ ಮುಂದೆ ಯಾರೂ ಇಳಿಯಲಿಲ್ಲ. ಒಳಗೆ ಬೆಕ್ಕಿನ ಬುಟ್ಟಿ ಹಿಡಿದ ಒಬ್ಬರಿದ್ದರು. ಅವರು ಹೋಗುವವರೆಗೆ ವ್ಯಾನಿನಲ್ಲೇ ಕೂತರು. ಕುಕ್ಕೆಯನ್ನೂ ಅಲ್ಲೇ, ಚಾಪೆಯ ಮೇಲೇ ಹಾಕಿದರು. ನಾದಿನಿ ಪಕ್ಕದ ಬಾಗಿಲು ತೆರೆದು ಕೈ ಬೀಸಿದಳು.

ಒಳಗೆ ಸ್ಟೀಲ್ ಮೇಜನ್ನು ಗೋಡೆಗೆ ಸರಿಸಿದ್ದರು. ಡಾಕ್ಟರಮ್ಮ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತಿದ್ದರು, ಪೈಲ್ವಾನನನ್ನು ನೋಡಿಯೇ ಇಲ್ಲವೇನೋ ಎಂಬಂತೆ. ಚಾಪೆ ಹಾಸಿದ ಮೇಲೆ ಅವನು ಅದರ ಮೇಲೆ ನಿಂತ. ನಿಂತು ಗುರುಗುಟ್ಟಿದ.

"ಏಯ್, ಸುಮ್ನಿರು," ಎಂದು ಗಂಡ ಗದರಿದ.

"ಗದರಬೇಡಿ," ಎಂದರು ಡಾಕ್ಟರಮ್ಮ ಮೆಲ್ಲಗೆ. "ನನಗೆ ಭಯ ಆಗ್ತಿದೆ, ದೂರ ಇರಿ ಅಂತ ಹೇಳ್ತಾ ಇದ್ದಾನೆ. ಹೇಳಲಿ. ಹೇಳೋದನ್ನೇ ಬಿಡಿಸಿಬಿಟ್ರೆ ಮುಂದೆ ಹೇಳದೇ ಕಚ್ತಾನೆ."

ಅವರು ಸ್ವಲ್ಪ ಹಿಂದೆ ಸರಿದರು. ಗುರುಗುಟ್ಟುವುದು ನಿಂತಿತು. ಮತ್ತೆ ಸ್ವಲ್ಪ ಹತ್ತಿರ ಬಂದರು. ಕಿವಿಯ ಕಡೆ ಕೈ ಚಾಚಿದೊಡನೆ ಪೈಲ್ವಾನ ನಡುಗತೊಡಗಿದ, ಟೈಲರಕ್ಕನ ಕಂಕುಳಿಗೆ ತಲೆ ತೂರಿಸಿದ. "ಇಷ್ಟು ಸಾಕು," ಎಂದರು ಡಾಕ್ಟರಮ್ಮ. "ಹಿಡಿದು ನೋಡೋದು ಬೇಡ. ತೊಡೆಗೆ ಒಂದು ಮಂಪರಿನ ಇಂಜೆಕ್ಷನ್ ಕೊಡ್ತೀನಿ. ಅವನಿಗೆ ಗೊತ್ತಾಗದ ಹಾಗೆ ಕಿವಿ ನೋಡೋಣ."

ಟೈಲರಕ್ಕ ಅವನ ತಲೆಯನ್ನು ತಬ್ಬಿಕೊಂಡು, ಅಂಗಡಿಯಲ್ಲಿ ಗೊಣಗುವಂತೆಯೇ ಏನೇನೋ ಗೊಣಗುತ್ತಿದ್ದಳು. ಯೂನಿಫಾರಂ ಯಾವಾಗ ಮುಗಿಯುವುದೋ, ಕೋಟಿನ ಹುಡುಗ ಬಂದರೆ ಏನು ಹೇಳುವುದೋ. ಸೂಜಿ ಯಾವಾಗ ಒಳಹೋಗಿ ಹೊರಬಂತೋ ಇಬ್ಬರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ತಲೆ ಭಾರವಾಗಿ ಅವಳ ಮಡಿಲಿಗೆ ಇಳಿಯಿತು.

ಡಾಕ್ಟರಮ್ಮ ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಸಣ್ಣ ಇಕ್ಕಳದಿಂದ ಏನನ್ನೋ ಹಿಡಿದು ಎಳೆದು ಬಿಳಿ ಬಟ್ಟೆಯ ಮೇಲಿಟ್ಟರು. ಕೀವಿನಲ್ಲಿ ಅಂಟಿದ ಒಂದು ಗಂಟು. ಅದನ್ನು ಬಿಡಿಸಿದಾಗ ಒಳಗೆ ನೀಲಿ ಬಣ್ಣ ಕಂಡಿತು.

ಟೈಲರಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಸ್ಕೂಲ್ ಯೂನಿಫಾರಮ್ಮಿನ ದಾರ. ಟೇಪಿಗೆ ಹೆದರಿ ಅವನು ದಿನವಿಡೀ ಮೇಜಿನ ಕೆಳಗೆ, ದಾರದ ರಾಶಿಯಲ್ಲಿ ಮುಖ ಹುದುಗಿಸಿ ಮಲಗುತ್ತಿದ್ದ. ಅಲ್ಲಿಂದ ಕಿವಿಗೆ ಹೋಗಿತ್ತು. ಆಕೆಗೆ ತುಂಬ ಸಂಕಟವಾಯಿತು. ಇಷ್ಟು ದಿನ ಬೈದದ್ದೆಲ್ಲ ನೆನಪಾಗಿ ಕಣ್ಣು ತುಂಬಿತು.

ಕಿವಿ ತೊಳೆದಾಯಿತು. ಮನೆಯಲ್ಲಿ ಹಾಕಲು ಔಷಧಿ ಕೊಟ್ಟರು. ಕಿವಿ ವಾಸಿಯಾಗಲಿ, ಆಮೇಲೆ ಲಸಿಕೆ ಎಂದರು. "ಅಲ್ಲಿಯವರೆಗೆ ಆಗಾಗ ಬಂದು ಹೋಗ್ತಾ ಇರಿ. ಸೂಜಿ ಇಲ್ಲ, ಏನೂ ಇಲ್ಲ. ಬರೋದು, ಒಂದು ರಸ್ಕ್ ತಿನ್ನೋದು, ಹೋಗೋದು."

"ಟ್ರಯಲ್," ಎಂದಳು ನಾದಿನಿ.

"ಗೊತ್ತಾಯ್ತು ಬಿಡೇ," ಎಂದಳು ಟೈಲರಕ್ಕ.

ವಾಪಸು ಬರುವಾಗ ಗಂಡ ಗಾಜಿನ ಬೀರು ತುಂಬಿದಂತೆ ವ್ಯಾನ್ ಓಡಿಸಿದ. ದಾರಿಯಲ್ಲೇ ನಿಲ್ಲಿಸಿ ಕಾವಲುಗಾರನಿಗೆ ಫೋನ್ ಮಾಡಿದ. "ಭಾನುವಾರ ಬರಬೇಡ ಕಣಯ್ಯ. ನಾಯಿ ಇಲ್ಲ." ಆ ಕಡೆಯವನು ಏನೋ ಕೇಳಿದ. "ಇದೆ ಕಣಯ್ಯ, ಆದ್ರೆ ಕೊಡೋಕಿಲ್ಲ," ಎಂದು ಫೋನ್ ಇಟ್ಟ.

ಮುಂದಿನ ಕೆಲವು ವಾರ ಬೀದಿಯವರಿಗೆ ತಮಾಷೆಯೋ ತಮಾಷೆ. ರಸ್ಕ್ ತಿನ್ನಲು ನಾಯಿಯನ್ನು ಆಸ್ಪತ್ರೆಗೆ ಒಯ್ಯುತ್ತಾರಂತೆ ಎಂದು ನಕ್ಕರು. ಮೊದಲ ದಿನ ಪೈಲ್ವಾನ ಗೇಟಿನವರೆಗೆ ಬಂದು ತಿರುಗಿದ. ಹಾಗೇ ಬಿಟ್ಟರು. ಇನ್ನೊಂದು ದಿನ ಬಾಗಿಲವರೆಗೆ ಬಂದ. ಒಂದು ದಿನ ಯಾರದೋ ದೊಡ್ಡ ನಾಯಿ ಬೊಗಳಿ, ಕಲಿತದ್ದೆಲ್ಲ ಮಣ್ಣುಪಾಲಾಗಿ, ಮತ್ತೆ ಗೇಟಿನಿಂದಲೇ ಶುರು. ಟೈಲರಕ್ಕ ಅಂದು ತಲೆ ಮೇಲೆ ಕೈ ಹೊತ್ತು ಕೂತಳು. ಆದರೂ ಹೋಗುವುದು ಬಿಡಲಿಲ್ಲ.

ಮನೆಯಲ್ಲಿ ಟೇಪಿನ ಟ್ರಯಲ್ ಕೂಡ ನಡೆದಿತ್ತು. ಟೇಪು ಕಂಡರೆ ಒಂದು ಚೂರು ರಸ್ಕ್. ಟೇಪು ಒಳಗೆ ಹೋದರೆ ರಸ್ಕೂ ಒಳಗೆ. ಮೇಜಿನ ಕೆಳಗನ್ನು ಈಗ ದಿನಾ ಗುಡಿಸುತ್ತಾರೆ, ದಾರದ ಚೂರುಗಳಿಗೆ ಒಂದು ಡಬ್ಬ ಇಟ್ಟಿದ್ದಾರೆ.

ಲಸಿಕೆಯ ದಿನ ಪೈಲ್ವಾನ ಕುಕ್ಕೆಗೆ ತಾನೇ ಮೂತಿ ಕೊಟ್ಟ. ಚಾಪೆಯ ಮೇಲೆ ನಿಂತು ಲಿವರ್ ನೆಕ್ಕುತ್ತಿದ್ದವನಿಗೆ ಸೂಜಿ ಚುಚ್ಚಿದಾಗ ಒಮ್ಮೆ ತಿರುಗಿ ನೋಡಿದ. ಒಮ್ಮೆ ಗುರ್ ಅಂದ. ಮತ್ತೆ ನೆಕ್ಕಲು ಹೋದ. ವರ್ಷದಿಂದ ಬಾಕಿ ಇದ್ದ ಕೆಲಸ ಅಷ್ಟರಲ್ಲಿ ಮುಗಿಯಿತು. ಅಂದು ಸಂಜೆ ಅತ್ತೆ, ತೇಪೆ ಹಾಕಿದ ಅದೇ ಸ್ವೆಟರ್ ತೊಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಪೈಲ್ವಾನ ಬಂದು ಎಡಗಿವಿಯನ್ನೇ ಅವರ ಕೈಗೆ ಒತ್ತಿದ. ಅವರು ಮೊದಲು ಕೈ ಹಿಂದೆ ತೆಗೆದರು. ಆಮೇಲೆ ಕೆರೆದರು.

ಈಗ ಟೈಲರಕ್ಕನ ಗೋಳು ಬೇರೆ. ಯಾರದೇ ಅಳತೆಗೆಂದು ಟೇಪು ತೆಗೆದರೂ ಪೈಲ್ವಾನ ಹೊರಗೆ ಬಂದು ಗಿರಾಕಿಯ ಪಕ್ಕದಲ್ಲೇ ನೆಟ್ಟಗೆ ಕೂರುತ್ತಾನೆ. ರಸ್ಕ್ ಕೊಡುವವರೆಗೆ ಏಳುವುದಿಲ್ಲ.

"ಇವನ ಅಳತೆ ಮೊದಲು ತಗೊಳ್ಳಿ ಅಕ್ಕ, ನಾನು ಕಾಯ್ತೀನಿ," ಎನ್ನುತ್ತಾರೆ ಗಿರಾಕಿಗಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಒಬ್ಬ ಪೈಲ್ವಾನ ಇರಬಹುದು. ಕಚ್ಚುತ್ತಾನೆ ಎಂಬ ಒಂದೇ ಕಾರಣಕ್ಕೆ ಅವನ ಲಸಿಕೆ ಬಿಟ್ಟುಹೋಗಿರಬಹುದು. ದಯವಿಟ್ಟು ಬಿಡಬೇಡಿ. ಕಟ್ಟಿ ಎಳೆದುಕೊಂಡೂ ಹೋಗಬೇಡಿ. ಮೊದಲು ನೀವೊಬ್ಬರೇ ಹೋಗಿ, ಇಲ್ಲವೇ ಫೋನ್ ಮಾಡಿ, ನಮ್ಮ ನಾಯಿಗೆ ಭಯ ಇದೆ, ಜನ ಕಡಿಮೆ ಇರುವ ಹೊತ್ತು ಯಾವುದು, ಮೊದಲೇ ಕೊಡುವ ಔಷಧಿ ಇದೆಯೇ ಎಂದು ಪಶುವೈದ್ಯರನ್ನು ಕೇಳಿ. ನಿಮ್ಮ ಮನೆಯ ಮಾತ್ರೆಯನ್ನು ಮಾತ್ರ ಕೊಡಬೇಡಿ. ಬಾಯಿಕುಕ್ಕೆಯೊಳಗೆ ಅದು ಬಾಯಿ ತೆರೆದು ತೇಕುವಂತಿರಲಿ. ಯಾವ ನಾಯಿಯ ಹಲ್ಲು ನಿಮ್ಮ ಚರ್ಮಕ್ಕೆ ತಾಗಿದರೂ, ಗೀರಾದರೂ ಸರಿ, ಕಾಲು ಗಂಟೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ನಿಮ್ಮ ಡಾಕ್ಟರ ಬಳಿ ಹೋಗಿ.

ಇನ್ನು ಇವತ್ತು ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ನಾಯಿ ಈಗ ಮಂಚದ ಕೆಳಗೋ ಮೇಜಿನ ಕೆಳಗೋ ಅಡಗಿ ಕೂತಿದ್ದರೆ, ಹೊರಗೆ ಎಳೆಯಬೇಡಿ. ನಿಮ್ಮ ಕೆಲಸವನ್ನೇ ತಂದುಕೊಂಡು ಅದರ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಗೊಣಗಬೇಕೆನಿಸಿದರೆ ಗೊಣಗಿ, ಅದಕ್ಕೇನೂ ಬೇಸರವಿಲ್ಲ. ಬರುತ್ತದೆ.